ಫ್ರಿಜ್ ಯಾರದು? ಊರಿನ ಸೋಡಾ ಕಾರ್ಖಾನೆಗೂ ಕೋಲ್ಡ್ ಡ್ರಿಂಕ್ಸ್ ಕಂಪನಿಗಳಿಗೂ ನಡೆದಿರುವ ಪೈಪೋಟಿಯ ಲೆಕ್ಕಾಚಾರ

ಕಲಬುರಗಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟಿದ ಮೇಲೆ ಸೂಪರ್ ಮಾರ್ಕೆಟ್ ಸುತ್ತ ನಡೆದಾಡುವವರ ಕಣ್ಣು ಮೊದಲು ಹುಡುಕುವುದು ನೆರಳನ್ನು, ಆಮೇಲೆ ಥಂಡಾ ಮಾರುವ ಅಂಗಡಿಯನ್ನು. ಅಂಥದೇ ಒಂದು ಮಧ್ಯಾಹ್ನ ಚಿಕ್ಕ ಕಿರಾಣಿ ಅಂಗಡಿಯೊಂದರಲ್ಲಿ ಗೋಲಿ ಸೋಡಾ ಕೇಳಿದಾಗ ಅಂಗಡಿಯವರು ಕೊಟ್ಟ ಉತ್ತರ ಹೀಗಿತ್ತು: “ಇಲ್ಲರೀ. ಫ್ರಿಜ್ ಕಂಪನೀದ ಅದ. ಅದರಾಗ ಬ್ಯಾರೆ ಮಾಲು ಇಡಲಾಕ ಬರಂಗಿಲ್ಲ.” ಸೋಡಾ ತಯಾರಾಗುವ ಜಾಗ ಆ ಅಂಗಡಿಯಿಂದ ಎರಡು ಕಿಲೋಮೀಟರ್ ದೂರದಲ್ಲೂ ಇರಲಿಲ್ಲ. ಫ್ರಿಜ್ಜಿನಲ್ಲಿ ತಣ್ಣಗೆ ಕೂತಿದ್ದ ಬಾಟ್ಲಿಗಳೆಲ್ಲ ಬಹುದೂರದಿಂದ ಲಾರಿಯಲ್ಲಿ ಬಂದವುಗಳಾಗಿದ್ದವು.

ಹತ್ತಿರದ ಮಾಲು ಸಿಗದೆ ದೂರದ ಮಾಲು ಸಿಗುವುದಕ್ಕೆ ಜನರ ರುಚಿ ಬದಲಾದದ್ದೇ ಕಾರಣ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ರುಚಿಯ ಪಾಲು ಅದರಲ್ಲಿ ಇದೆ. ಆದರೆ ಅಂಗಡಿಯವರ ಆ ಒಂದು ಮಾತಿನಲ್ಲಿ ಈ ವ್ಯಾಪಾರದ ಬಹುಪಾಲು ಅಡಗಿದೆ. 10 ರೂಪಾಯಿಯ ಬಾಟ್ಲಿಗಳು ಹಳ್ಳಿಯ ಪಾನ್ ಡಬ್ಬಾದವರೆಗೂ ತಲುಪಿರುವಾಗ, 2025ರ ಸೆಪ್ಟೆಂಬರ್ 22ರಿಂದ ಈ ಪಾನೀಯಗಳ ಜಿಎಸ್‌ಟಿ ದರಗಳೂ ಬದಲಾಗಿರುವಾಗ, ಕಲಬುರಗಿ, ಬೀದರ್, ಯಾದಗಿರಿಯ ಚಿಕ್ಕ ಸೋಡಾ ಕಾರ್ಖಾನೆಗಳು ಯಾವ ನೆಲದ ಮೇಲೆ ನಿಂತು ವ್ಯಾಪಾರ ಮಾಡುತ್ತಿವೆ ಎಂಬುದನ್ನು ಮೊದಲಿನಿಂದ ನೋಡುವುದು ಒಳ್ಳೆಯದು.

ಸೋಡಾ ಎಂದರೆ ಏನು

ಸೋಡಾ ಎಂದರೆ ನೀರು ಮತ್ತು ಅದರಲ್ಲಿ ಒತ್ತಡದಿಂದ ಕರಗಿಸಿದ ಇಂಗಾಲದ ಡೈಆಕ್ಸೈಡ್ ಅನಿಲ. ನಾವು ಉಸಿರು ಬಿಡುವಾಗ ಹೊರಗೆ ಹೋಗುವುದೂ ಇದೇ ಅನಿಲ. ನೀರಿನಲ್ಲಿ ಕರಗಿದಾಗ ಅದರ ಸ್ವಲ್ಪ ಭಾಗ ಕಾರ್ಬಾನಿಕ್ ಆಮ್ಲವಾಗುತ್ತದೆ, ನಾಲಿಗೆಗೆ ಚುರುಕ್ಕೆನ್ನುವ ಹುಳಿ ಬರುವುದು ಅದರಿಂದ. ಸಕ್ಕರೆ, ಬಣ್ಣ, ಸುವಾಸನೆಗಳು ಆಮೇಲಿನ ಸೇರ್ಪಡೆಗಳು.

ಇದನ್ನು ಮನುಷ್ಯರು ಕೈಯಾರೆ ಮಾಡಲು ಕಲಿತದ್ದು ಒಂದು ಬಿಯರ್ ಭಟ್ಟಿಯ ಪಕ್ಕದಲ್ಲಿ. ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿದ್ದ ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ, ಹುಳಿಯುತ್ತಿದ್ದ ಬಿಯರ್ ತೊಟ್ಟಿಯ ಮೇಲೆ ಸೇರಿಕೊಳ್ಳುವ ಅನಿಲದಲ್ಲಿ ನೀರಿನ ಪಾತ್ರೆಯನ್ನು ಹಿಡಿದು, ಆ ನೀರಿಗೆ ಚುರುಕು ರುಚಿ ಬರುವುದನ್ನು ಕಂಡುಕೊಂಡರು. ಯಾಕೋಬ್ ಶ್ವೆಪ್ಪೆ ಎಂಬುವರು 1783ರಲ್ಲಿ ಜಿನೀವಾದಲ್ಲಿ ಅದನ್ನೇ ವ್ಯಾಪಾರವಾಗಿ ಆರಂಭಿಸಿದರು.

ಅನಿಲ ನೀರಿನಲ್ಲಿ ಎಷ್ಟು ಕರಗುತ್ತದೆ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ. ಒತ್ತಡ ಹೆಚ್ಚಿದಷ್ಟೂ ಅನಿಲ ಹೆಚ್ಚು ಕರಗುತ್ತದೆ, ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುತ್ತದೆ. ಸಾಮಾನ್ಯ ವಾಯು ಒತ್ತಡದಲ್ಲಿ 0 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಅನಿಲವನ್ನು ಹಿಡಿದುಕೊಂಡರೆ, 20 ಡಿಗ್ರಿಯ ನೀರು ಹಿಡಿಯುವುದು ಹೆಚ್ಚುಕಡಿಮೆ ಅದರ ಅರ್ಧವನ್ನು ಮಾತ್ರ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ತಾರಸಿಯ ಟಾಕಿಯಿಂದ ಬರುವ ನೀರು 20 ಡಿಗ್ರಿಗಿಂತ ಎಷ್ಟು ಬಿಸಿ ಇರುತ್ತದೆ ಎಂಬುದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಇಲ್ಲಿ ಸೋಡಾ ಮಾಡುವವರು ಮೊದಲು ನೀರನ್ನು ತಣ್ಣಗೆ ಮಾಡಲೇಬೇಕು, ಅದಕ್ಕೆ ಚಿಲ್ಲರ್ ಬೇಕು, ಚಿಲ್ಲರ್‌ಗೆ ನಿಲ್ಲದ ಕರೆಂಟ್ ಬೇಕು. ತಂಪು ಸೀಮೆಯ ಕಾರ್ಖಾನೆಗೆ ಅಷ್ಟಾಗಿ ತಗಲದ ಈ ಖರ್ಚು ನಮ್ಮ ಕಡೆಯ ಕಾರ್ಖಾನೆಗೆ ಮೊದಲ ದಿನದಿಂದಲೇ ಬೀಳುತ್ತದೆ.

ಅನಿಲದ ಸಿಲಿಂಡರಿನ ವಿಷಯವೂ ಹೀಗೆಯೇ. ಸಿಲಿಂಡರಿನಲ್ಲಿ ಈ ಅನಿಲ ಒತ್ತಡಕ್ಕೆ ಸಿಕ್ಕಿ ದ್ರವವಾಗಿ ಇರುತ್ತದೆ. ಆದರೆ 31 ಡಿಗ್ರಿ ದಾಟಿದರೆ ಎಷ್ಟೇ ಒತ್ತಡವಿದ್ದರೂ ಅದು ದ್ರವವಾಗಿ ಉಳಿಯುವುದಿಲ್ಲ, ಒಳಗಿನ ಒತ್ತಡ ಬೇಗ ಏರುತ್ತದೆ. ನಾಲ್ಕಾರು ತಿಂಗಳು ಹಗಲಿನ ಬಿಸಿಲು 31 ಡಿಗ್ರಿಗಿಂತ ಮೇಲೆಯೇ ಇರುವ ಊರಿನಲ್ಲಿ ಸಿಲಿಂಡರುಗಳನ್ನು ನೆರಳಿನಲ್ಲಿ, ಒದ್ದೆ ಗೋಣಿಚೀಲ ಹೊದಿಸಿ ಇಡುವುದನ್ನು ನೋಡಿದರೆ ಅದು ಬರೀ ರೂಢಿ ಎಂದು ಅನ್ನಿಸಬಹುದು. ಅದರ ಹಿಂದೆ ಇರುವುದು ಈ 31 ಡಿಗ್ರಿಯ ಲೆಕ್ಕ.

ಗೋಲಿ ಬಾಟ್ಲಿ ಕೆಲಸ ಮಾಡುವ ಬಗೆ

ಕರಗಿಸಿದ ಅನಿಲ ಹೊರಗೆ ಹೋಗದಂತೆ ಬಾಯಿ ಮುಚ್ಚುವುದು ಸೋಡಾ ವ್ಯಾಪಾರದ ಹಳೆಯ ತೊಡಕು. ಬಿರಡೆ ಹಾಕಿದರೆ ಅದು ಹಾರಿಹೋಗುತ್ತಿತ್ತು. ಲಂಡನ್ನಿನ ಎಂಜಿನಿಯರ್ ಹೈರಮ್ ಕಾಡ್ 1872ರಲ್ಲಿ ಇದಕ್ಕೆ ಕಂಡುಕೊಂಡ ಉಪಾಯಕ್ಕೆ ಪೇಟೆಂಟ್ ಪಡೆದರು: ಬಾಟ್ಲಿಯ ಕುತ್ತಿಗೆಯೊಳಗೇ ಒಂದು ಗಾಜಿನ ಗೋಲಿ, ಬಾಯಿಯ ಒಳಅಂಚಿಗೆ ಒಂದು ರಬ್ಬರ್ ವಾಷರ್. ಒಳಗಿನ ಅನಿಲವೇ ಗೋಲಿಯನ್ನು ಮೇಲಕ್ಕೆ ಒತ್ತಿ ವಾಷರಿಗೆ ಬಿಗಿಯಾಗಿ ಕೂರಿಸುತ್ತದೆ. ಅಂದರೆ ಸೋಡಾ ತನ್ನ ಬಾಯಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ, ಅದಕ್ಕೆ ಬೇರೆ ಬೂಚು ಬೇಡ.

ಶಹಾಬಜಾರ ಕಡೆಯ ಒಂದು ಚಿಕ್ಕ ಕಾರ್ಖಾನೆಯಲ್ಲಿ ಬಾಟ್ಲಿ ತುಂಬುವುದನ್ನು ಹತ್ತಿರದಿಂದ ನೋಡಿದ್ದೇನೆ. ನೀರು ತುಂಬಿದ ಬಾಟ್ಲಿಗಳನ್ನು ಕಬ್ಬಿಣದ ತೊಟ್ಟಿಲಿನಂಥ ಚೌಕಟ್ಟಿನಲ್ಲಿ ಎರಡೋ ಮೂರೋ ಒಟ್ಟಿಗೆ ಬಿಗಿದು, ಅನಿಲದ ನಳಿಗೆ ತೆರೆದು, ಹಿಡಿಕೆಯಿಂದ ಚೌಕಟ್ಟನ್ನು ಗರಗರ ತಿರುಗಿಸುತ್ತಾರೆ. ನೀರು ಕುಲುಕಾಡಿದಷ್ಟೂ ಅನಿಲಕ್ಕೆ ಹೆಚ್ಚು ಮೈ ಒಡ್ಡುತ್ತದೆ, ಅನಿಲ ಬೇಗ ಕರಗುತ್ತದೆ. ಕೊನೆಗೆ ಬಾಟ್ಲಿಗಳು ತಲೆಕೆಳಗಾಗಿ ನಿಲ್ಲುವಂತೆ ಮಾಡಿದಾಗ ಗೋಲಿ ಉರುಳಿ ಬಾಯಿಗೆ ಬರುತ್ತದೆ, ಅನಿಲ ಅದನ್ನು ಅಲ್ಲಿಯೇ ಒತ್ತಿ ಹಿಡಿಯುತ್ತದೆ, ‘ಟಕ್’ ಎಂಬ ಸಣ್ಣ ಸಪ್ಪಳ ಕೇಳಿಸುತ್ತದೆ. ಆ ಸಪ್ಪಳ ಬರದ ಬಾಟ್ಲಿಯನ್ನು ಕೆಲಸಗಾರ ಪಕ್ಕಕ್ಕೆ ಇಡುತ್ತಾನೆ. ವಾಷರ್ ಸವೆದಿರಬೇಕು ಎಂದು ಅವನಿಗೆ ಕೇಳಿಯೇ ಗೊತ್ತಾಗುತ್ತದೆ. ಕುಡಿಯುವವರು ಹೆಬ್ಬೆರಳಿನಿಂದಲೋ ಮರದ ಒತ್ತುಗುಂಡಿಯಿಂದಲೋ ಗೋಲಿಯನ್ನು ಒಳಗೆ ತಳ್ಳಿದಾಗ ಅದು ಕುತ್ತಿಗೆಯ ಕೋಣೆಗೆ ಬೀಳುತ್ತದೆ, ಬಾಟ್ಲಿ ಬಗ್ಗಿಸಿದಾಗ ಅಲ್ಲಿನ ಎರಡು ಉಬ್ಬುಗಳಿಗೆ ಸಿಕ್ಕಿಕೊಂಡು ಮತ್ತೆ ಬಾಯಿ ಮುಚ್ಚದಂತೆ ನಿಲ್ಲುತ್ತದೆ. ಉಬ್ಬುಗಳು ಯಾವ ಬದಿಗಿವೆ ಎಂದು ನೋಡಿ ಬಾಟ್ಲಿ ಹಿಡಿಯುವುದು ಚಿಕ್ಕಂದಿನಲ್ಲಿ ನಾವೆಲ್ಲ ಕಲಿತ ವಿದ್ಯೆ.

ಈ ಬಾಟ್ಲಿಯ ಬೆಲೆ ಒಳಗಿನ ಸೋಡಾದ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಆದ್ದರಿಂದ ಅದು ಕಾರ್ಖಾನೆಗೆ ಮರಳಲೇಬೇಕು. ಮುಂದೆ ಹೇಳುವ ಬಹಳಷ್ಟು ಸಂಗತಿಗಳು ಈ ಒಂದು ಕಟ್ಟಿನಿಂದಲೇ ಹುಟ್ಟುತ್ತವೆ.

‘ಕಂಪನಿ’ ಎಂದರೆ ಯಾರು

ಅಂಗಡಿಯವರು ‘ಕಂಪನಿ’ ಎಂದು ಒಂದೇ ಮಾತಿನಲ್ಲಿ ಹೇಳಿದರೂ ಅದರಲ್ಲಿ ಇಬ್ಬರು ಇದ್ದಾರೆ. ಒಬ್ಬರು ಹೆಸರು ಮತ್ತು ಗುಟ್ಟಿನ ಸಾರವನ್ನು ಇಟ್ಟುಕೊಂಡವರು. ಈ ಗಟ್ಟಿ ಸಾರಕ್ಕೆ ಕಾನ್ಸಂಟ್ರೇಟ್ ಎನ್ನುತ್ತಾರೆ. ಇನ್ನೊಬ್ಬರು ಆ ಸಾರವನ್ನು ಕೊಂಡು, ಸ್ಥಳೀಯ ನೀರು, ಸಕ್ಕರೆ, ಅನಿಲ ಬೆರೆಸಿ, ಬಾಟ್ಲಿಗೆ ತುಂಬಿ, ಲಾರಿಯಲ್ಲಿ ಹಂಚುವ ಬಾಟ್ಲರ್‌ಗಳು. ಮಸಾಲೆ ಪುಡಿಯನ್ನು ಒಂದು ಮನೆಯವರು ಮಾಡಿ, ಊರೂರಿನ ಖಾನಾವಳಿಗಳು ಅದೇ ಪುಡಿ ಕೊಂಡು ಒಂದೇ ರುಚಿಯ ಸಾರು ಮಾಡಿ ಬಡಿಸಿದಂತೆ ಇದು. ಸಾರದ ಡಬ್ಬಿ ಹಗುರ, ದೂರ ಸಾಗಿಸಬಹುದು. ನೀರು ಭಾರ, ಅದನ್ನು ಆಯಾ ಸೀಮೆಯಲ್ಲೇ ಬೆರೆಸುವುದು ಜಾಣತನ. ಕೋಕಾ-ಕೋಲಾ ಕಂಪನಿ 1899ರಲ್ಲಿ ಅಮೆರಿಕದ ಬಹುಭಾಗದಲ್ಲಿ ಬಾಟ್ಲಿಗೆ ತುಂಬುವ ಹಕ್ಕನ್ನು ಚಾಟನೂಗಾ ಊರಿನ ಇಬ್ಬರು ವಕೀಲರಿಗೆ ಕೇವಲ ಒಂದು ಡಾಲರಿಗೆ ಬರೆದುಕೊಟ್ಟಿತು, ಈ ವ್ಯವಸ್ಥೆಯ ಬೇರು ಅಲ್ಲಿದೆ. ಭಾರತದಲ್ಲಿ ಪೆಪ್ಸಿಕೋ ಪಾನೀಯಗಳ ಬಹುಪಾಲನ್ನು ತಯಾರಿಸಿ ಮಾರುವುದು ವರುಣ್ ಬೆವರೇಜಸ್ ಎಂಬ ಬೇರೆಯೇ ಭಾರತೀಯ ಕಂಪನಿ.

ನಮ್ಮ ದೇಶದಲ್ಲಿ ಈ ಕಥೆ ಒಂದು ತಿರುವು ಪಡೆಯಿತು. ವಿದೇಶಿ ಕಂಪನಿಗಳು ತಮ್ಮ ಪಾಲನ್ನು ಶೇ. 40ಕ್ಕೆ ಇಳಿಸಿಕೊಳ್ಳಬೇಕೆಂಬ 1973ರ ವಿದೇಶಿ ವಿನಿಮಯ ಕಾಯ್ದೆಯ ಷರತ್ತನ್ನು ಒಪ್ಪದೆ ಕೋಕಾ-ಕೋಲಾ 1977ರಲ್ಲಿ ಭಾರತವನ್ನು ಬಿಟ್ಟಿತು. ಆಗ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಸಚಿವರಾಗಿದ್ದರು. ಖಾಲಿಯಾದ ಜಾಗಕ್ಕೆ ಸರ್ಕಾರಿ ಸಂಸ್ಥೆಯ ‘77’, ಪ್ಯೂರ್ ಡ್ರಿಂಕ್ಸ್‌ನವರ ಕ್ಯಾಂಪಾ ಕೋಲಾ, ಪಾರ್ಲೆಯವರ ಥಮ್ಸ್ ಅಪ್ ಬಂದವು. ಲಿಮ್ಕಾ, ಗೋಲ್ಡ್ ಸ್ಪಾಟ್‌ಗಳ ಬಲವೂ ಪಾರ್ಲೆಗೆ ಇತ್ತು. 1993ರಲ್ಲಿ ಕೋಕಾ-ಕೋಲಾ ಮರಳಿ ಬಂದಾಗ ಪಾರ್ಲೆಯ ರಮೇಶ್ ಚೌಹಾಣ್ ಈ ಹೆಸರುಗಳನ್ನು ಅದಕ್ಕೇ ಮಾರಿದರು. ಕೊಂಡವರಿಗೆ ಸಿಕ್ಕಿದ್ದು ಬರೀ ಹೆಸರುಗಳಲ್ಲ, ದೇಶದ ತುಂಬ ಹರಡಿದ್ದ ಬಾಟ್ಲರ್‌ಗಳ ಜಾಲಕ್ಕೆ ದಾರಿಯೂ ಸಿಕ್ಕಿತು. ಗೋಲ್ಡ್ ಸ್ಪಾಟ್ ಕ್ರಮೇಣ ಅಂಗಡಿಗಳಿಂದ ಮರೆಯಾಯಿತು. ಥಮ್ಸ್ ಅಪ್ ಉಳಿದು, 2021ರಲ್ಲಿ ಭಾರತದಲ್ಲಿ ನೂರು ಕೋಟಿ ಡಾಲರ್ ಮಾರಾಟ ದಾಟಿತು.

2022ರಲ್ಲಿ ಕ್ಯಾಂಪಾ ಹೆಸರನ್ನು ರಿಲಯನ್ಸ್ ಕೊಂಡಿತು, 2023ರ ಮಾರ್ಚ್‌ನಲ್ಲಿ ಮತ್ತೆ ಮಾರುಕಟ್ಟೆಗೆ ಬಿಟ್ಟಿತು, 200 ಮಿ.ಲೀ. ಬಾಟ್ಲಿಗೆ 10 ರೂಪಾಯಿ ಎಂದು ಬೆಲೆ ಕಟ್ಟಿತು. ಹೀಗೆ ದೊಡ್ಡವರು ತಮ್ಮತಮ್ಮಲ್ಲೇ ಬೆಲೆಯ ಪೈಪೋಟಿಗೆ ಇಳಿದಾಗ ಪೆಟ್ಟು ಮೊದಲು ತಗಲುವುದು 10 ರೂಪಾಯಿಯ ಕೆಳಗಿನ ಮೆಟ್ಟಿಲಲ್ಲಿ ವ್ಯಾಪಾರ ಮಾಡುತ್ತಿದ್ದ ಊರಿನ ತಯಾರಕರಿಗೆ. ಅಲ್ಲಿಯವರೆಗೆ ‘ಕಡಿಮೆ ರೊಕ್ಕಕ್ಕೆ ಥಂಡಾ’ ಎಂಬ ಜಾಗ ಅವರದೇ ಆಗಿತ್ತು.

ಹತ್ತು ರೂಪಾಯಿಯ ಬಾಟ್ಲಿಯನ್ನು ಬಿಚ್ಚಿ ನೋಡಿದರೆ

ಒಂದು 200 ಮಿ.ಲೀ. ಸಿಹಿ ಪೇಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಇಂಥ ಪೇಯಗಳಲ್ಲಿ ಸಾಮಾನ್ಯವಾಗಿ 100 ಮಿ.ಲೀ.ಗೆ 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ಬಾಟ್ಲಿಗೆ ಸುಮಾರು 21 ಗ್ರಾಂ, ಹೆಚ್ಚುಕಡಿಮೆ ನಾಲ್ಕು ಚಮಚ. ಸಕ್ಕರೆ ಕಿಲೋಗೆ 45 ರೂಪಾಯಿ ಎಂದು ಹಿಡಿದರೆ ಇದರ ಬೆಲೆ 95 ಪೈಸೆ. ನೀರಿನ ಗಾತ್ರದ ನಾಲ್ಕು ಪಟ್ಟು ಅನಿಲ ಕರಗಿಸಿದರೂ ಒಂದು ಲೀಟರಿಗೆ ಬೇಕಾಗುವುದು ಏಳೆಂಟು ಗ್ರಾಂ, ನಮ್ಮ ಬಾಟ್ಲಿಗೆ ಒಂದೂವರೆ ಗ್ರಾಂ. ಹೀಗೆ ನೋಡಿದರೆ ಕುಡಿಯುವ ವಸ್ತುವಿಗೆ ತಗಲುವ ಖರ್ಚು ಬಹಳ ಸಣ್ಣದು. ಉಳಿದ ರೊಕ್ಕ ಬಾಟ್ಲಿ, ಬೂಚು, ಕರೆಂಟ್, ಕೂಲಿ, ಲಾರಿ, ವಿತರಕರ ಮತ್ತು ಅಂಗಡಿಯವರ ಪಾಲು, ಜಾಹೀರಾತು ಹಾಗೂ ತೆರಿಗೆಗೆ ಹೋಗುತ್ತದೆ. ಇವುಗಳಲ್ಲಿ ಹೆಚ್ಚಿನವು ಬಾಟ್ಲಿಗಳ ಸಂಖ್ಯೆ ಹೆಚ್ಚಿದಂತೆ ಒಂದೊಂದು ಬಾಟ್ಲಿಯ ಮೇಲೆ ಕಡಿಮೆ ಬೀಳುವ ಖರ್ಚುಗಳು. ಬಾಡಿಗೆಗೆ ತಂದ ಶಾಮಿಯಾನದ ಕೆಳಗೆ ನೂರು ಜನ ಉಂಡರೂ ಸಾವಿರ ಜನ ಉಂಡರೂ ಬಾಡಿಗೆ ಒಂದೇ ಇರುವಂತೆ, ಗಂಟೆಗೆ ಸಾವಿರಾರು ಬಾಟ್ಲಿ ತುಂಬುವ ಯಂತ್ರವಿರುವವರಿಗೆ ತಲಾ ಖರ್ಚು ಇಳಿಯುತ್ತದೆ.

ತೆರಿಗೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಲ್ಲಿ ಒಂದು ಗೆರೆ ಇದೆ ಮತ್ತು ಆ ಗೆರೆಯ ಎರಡು ಬದಿಗಳ ನಡುವೆ ಅಂತರ ಬಹಳ ದೊಡ್ಡದು. ಸಕ್ಕರೆ ಅಥವಾ ಬೇರೆ ಸಿಹಿ ಬೆರೆಸಿದ, ಇಲ್ಲವೇ ಸುವಾಸನೆ ಸೇರಿಸಿದ ಅನಿಲಯುಕ್ತ ಪೇಯಗಳಿಗೆ 2017ರಿಂದ ಶೇ. 28 ಜಿಎಸ್‌ಟಿ ಮತ್ತು ಶೇ. 12 ಪರಿಹಾರ ಸೆಸ್ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಒಂದೇ ಶೇ. 40ರ ದರವಾಗಿದೆ. ಸಿಹಿಯೂ ಇಲ್ಲದ, ಸುವಾಸನೆಯೂ ಇಲ್ಲದ ಸಾದಾ ಸೋಡಾದ ದರ ಅದೇ ದಿನ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ. ತೆರಿಗೆ ಸೇರಿ 10 ರೂಪಾಯಿ ಬೆಲೆಯಿರುವ ಸಿಹಿ ಪೇಯದಲ್ಲಿ ಸರಳ ಲೆಕ್ಕಕ್ಕೆ 2 ರೂಪಾಯಿ 86 ಪೈಸೆ ತೆರಿಗೆಯಾದರೆ, ಅದೇ 10 ರೂಪಾಯಿಯ ಸಾದಾ ಸೋಡಾದಲ್ಲಿ ತೆರಿಗೆ 48 ಪೈಸೆ. ಬಾಟ್ಲಿಯೊಳಗೆ ನಿಂಬೆಯ ಸುವಾಸನೆ ಮತ್ತು ಸಕ್ಕರೆ ಸೇರಿಸಿ ಮುಚ್ಚಿದರೆ ಒಂದು ದರ. ಸಾದಾ ಸೋಡಾ ತುಂಬಿ ಕಳಿಸಿ, ಗಾಡಿಯ ಮೇಲೆ ಗಿರಾಕಿಯ ಎದುರಿಗೇ ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿಕೊಟ್ಟರೆ ಕಾರ್ಖಾನೆಯಿಂದ ಹೊರಟ ಬಾಟ್ಲಿಗೆ ಇನ್ನೊಂದು ದರ.

ಶೇ. 40ರ ದರ ದೊಡ್ಡ ಕಂಪನಿಗೂ ಚಿಕ್ಕ ಕಾರ್ಖಾನೆಗೂ ಒಂದೇ. ಆದರೆ ಅದು ಇಬ್ಬರಿಗೂ ಒಂದೇ ಭಾರವಾಗಿ ಬೀಳುವುದಿಲ್ಲ. ಚಿಕ್ಕ ತಯಾರಕರಿಗೆ ಜಿಎಸ್‌ಟಿಯಲ್ಲಿ ಕಾಂಪೋಸಿಶನ್ ಎಂಬ ಸುಲಭ ಪದ್ಧತಿ ಇದೆ. ವರ್ಷದ ವಹಿವಾಟು ಒಂದೂವರೆ ಕೋಟಿ ರೂಪಾಯಿಯ ಒಳಗಿದ್ದರೆ ತಯಾರಕರು ವಹಿವಾಟಿನ ಶೇ. 1ರಷ್ಟು ಕಟ್ಟಿ, ಕಾಗದಪತ್ರದ ಗೋಜನ್ನು ಕಡಿಮೆ ಮಾಡಿಕೊಳ್ಳಬಹುದು. ಸಿಹಿ ಅಥವಾ ಸುವಾಸನೆಯ ಅನಿಲಯುಕ್ತ ಪೇಯ ಮಾಡುವವರನ್ನು 2019ರ ಅಕ್ಟೋಬರಿನಿಂದ ಈ ಸೌಲಭ್ಯದ ಹೊರಗೆ ಇಡಲಾಗಿದೆ. ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿಯೇ ಕಡ್ಡಾಯವಲ್ಲ ಎಂಬುದು ತೀರ ಚಿಕ್ಕವರಿಗೆ ಇರುವ ನೆರಳು. ಹೀಗಾಗಿ ಬಣ್ಣದ ಸಿಹಿ ಪೇಯ ಮಾಡುವ ಕಾರ್ಖಾನೆ 40 ಲಕ್ಷದ ಕೆಳಗಿರುವಾಗ ಒಂದು ಬಗೆಯ ವ್ಯಾಪಾರ, ಅದನ್ನು ದಾಟಿದ ಮರುದಿನ ಮತ್ತೊಂದು ಬಗೆಯ ವ್ಯಾಪಾರ. ನಡುವೆ ಮೆಲ್ಲಗೆ ಏರುವ ಮೆಟ್ಟಿಲುಗಳಿಲ್ಲ. ಬೆಳೆಯುವ ಶಕ್ತಿಯಿರುವ ಕಾರ್ಖಾನೆಗಳೂ ಚಿಕ್ಕದಾಗಿಯೇ ಉಳಿಯಲು ಇದು ಒಂದು ಮುಖ್ಯ ಕಾರಣ ಎಂದು ನನಗೆ ತೋರುತ್ತದೆ.

ಕಂಪನಿಯ ಫ್ರಿಜ್

ಈಗ ಅಂಗಡಿಯವರ ಮಾತಿಗೆ ಮರಳೋಣ. ಗಾಜಿನ ಬಾಗಿಲಿನ, ಒಳಗೆ ದೀಪ ಉರಿಯುವ ಆ ಫ್ರಿಜ್ಜಿಗೆ ವ್ಯಾಪಾರದವರು ವಿಸಿ ಕೂಲರ್ ಎನ್ನುತ್ತಾರೆ. ಒಳಗಿನ ಮಾಲು ಹೊರಗೆ ನಿಂತವರಿಗೆ ಕಾಣಬೇಕು ಎಂಬುದು ಅದರ ಉದ್ದೇಶ. ಚಿಕ್ಕ ಅಂಗಡಿಗೆ ಇಂಥದೊಂದನ್ನು ಸ್ವಂತ ರೊಕ್ಕದಿಂದ ಕೊಳ್ಳುವುದು ಕಷ್ಟ. ಕಂಪನಿ ಅದನ್ನು ಉಚಿತವಾಗಿಯೋ ಅಲ್ಪ ಡಿಪಾಜಿಟ್ ಪಡೆದೋ ಕೊಡುತ್ತದೆ, ಕೆಟ್ಟರೆ ರಿಪೇರಿ ಮಾಡಿಸುತ್ತದೆ. ಅದಕ್ಕೆ ಬದಲಾಗಿ ಕೇಳುವುದು ಒಂದೇ: ಇದರೊಳಗೆ ನಮ್ಮ ಮಾಲು ಮಾತ್ರ ಇರಲಿ. ಕರೆಂಟ್ ಬಿಲ್ಲು ಅಂಗಡಿಯವರದು.

ಅಂಗಡಿಯವರ ಕಡೆಯಿಂದ ನೋಡಿದರೆ ಇದು ಒಳ್ಳೆಯ ವ್ಯವಹಾರ. ಮನೆಮಂದಿಯೇ ನಡೆಸುವ ಆರಡಿ ಅಗಲದ ಅಂಗಡಿಯಲ್ಲಿ ಎರಡನೆಯ ಫ್ರಿಜ್ ಇಡಲು ಜಾಗವಿಲ್ಲ, ಬಿಲ್ಲು ಕಟ್ಟುವ ತ್ರಾಣವೂ ಇಲ್ಲ. ಆದರೆ ಇದರ ಪರಿಣಾಮವಾಗಿ ಊರಿನ ಸೋಡಾ ಅಂಗಡಿಯ ಹೊರಗೆ, ಕ್ರೇಟಿನಲ್ಲಿ, ಬಿಸಿಲಿಗೆ ಬೀಳುತ್ತದೆ. ಬಿಸಿಯಾದ ಸೋಡಾ ತೆರೆದರೆ ಅನಿಲ ಒಮ್ಮೆಲೇ ನೊರೆಯಾಗಿ ಹೊರಟುಹೋಗಿ ಗ್ಲಾಸಿನಲ್ಲಿ ಸಪ್ಪೆ ನೀರು ಉಳಿಯುತ್ತದೆ. ಗಿರಾಕಿ ‘ಲೋಕಲ್ ಸೋಡಾದಾಗ ದಮ್ಮಿಲ್ಲ’ ಎಂದು ತೀರ್ಮಾನಿಸುತ್ತಾನೆ. ಅದೇ ಸೋಡಾವನ್ನು ಐದು ಡಿಗ್ರಿಯಲ್ಲಿ ಕುಡಿದಿದ್ದರೆ ತೀರ್ಮಾನ ಬೇರೆಯಾಗುತ್ತಿತ್ತು. ರುಚಿಯ ಪೈಪೋಟಿ ಎಂದು ನಾವು ತಿಳಿಯುವುದರಲ್ಲಿ ತಂಪು ಜಾಗದ ಪೈಪೋಟಿ ಎಷ್ಟು ಸೇರಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಈ ಪ್ರಶ್ನೆ ಬೇರೆ ದೇಶಗಳಲ್ಲೂ ಎದ್ದಿದೆ. ಐರೋಪ್ಯ ಒಕ್ಕೂಟದ ಆಯೋಗ ವಿಚಾರಣೆ ನಡೆಸಿದ ಬಳಿಕ 2005ರಲ್ಲಿ ಕೋಕಾ-ಕೋಲಾ ಒಂದು ಮಾತನ್ನು ಕಾನೂನುಬದ್ಧವಾಗಿ ಒಪ್ಪಿಕೊಂಡಿತು: ಅಂಗಡಿಯಲ್ಲಿ ತನ್ನ ಉಚಿತ ಫ್ರಿಜ್ ಬಿಟ್ಟರೆ ಬೇರೆ ತಂಪು ಜಾಗವಿಲ್ಲದಿದ್ದರೆ, ಅದರ ಕನಿಷ್ಠ ಶೇ. 20ರಷ್ಟು ಜಾಗದಲ್ಲಿ ಅಂಗಡಿಯವರು ತಮಗೆ ಬೇಕಾದ ಯಾವ ಮಾಲನ್ನಾದರೂ ಇಡಬಹುದು. ಐದು ಖಾನೆಗಳ ಫ್ರಿಜ್ಜಿನಲ್ಲಿ ಒಂದು ಖಾನೆ ಎಂದು ತಿಳಿದರೆ ಸರಿ. ಭಾರತದಲ್ಲಿ ‘ನಮ್ಮ ಮಾಲು ಮಾತ್ರ’ ಎಂಬಂಥ ಒಪ್ಪಂದಗಳನ್ನು ಪರಿಶೀಲಿಸುವುದು 2002ರ ಸ್ಪರ್ಧಾ ಕಾಯ್ದೆ. ಅಂಥ ಒಪ್ಪಂದ ತನ್ನಷ್ಟಕ್ಕೇ ಅಪರಾಧವಾಗುವುದಿಲ್ಲ, ಅದರಿಂದ ಪೈಪೋಟಿಗೆ ಗಣನೀಯ ಧಕ್ಕೆಯಾಗುತ್ತದೆಯೇ ಎಂಬುದನ್ನು ಸ್ಪರ್ಧಾ ಆಯೋಗ ತೂಗಿ ನೋಡಬೇಕಾಗುತ್ತದೆ. ದೂರು ಕೊಟ್ಟು, ಮಾರುಕಟ್ಟೆಯ ಅಂಕಿಅಂಶ ಒದಗಿಸಿ, ವರ್ಷಗಟ್ಟಲೆ ಕಾಯುವುದು ನಾಲ್ಕು ಜನ ಕೆಲಸಗಾರರಿರುವ ಸೋಡಾ ಕಾರ್ಖಾನೆಗೆ ಸುಲಭದ ಮಾತಲ್ಲ.

ಖಾಲಿ ಬಾಟ್ಲಿಯ ಹಿಂದಿರುಗುವ ದಾರಿ

ಗಾಜಿನ ಬಾಟ್ಲಿ ತುಂಬಿ ಹೋಗಬೇಕು, ಖಾಲಿಯಾಗಿ ಬರಬೇಕು. ದಾರಿಯ ಖರ್ಚು ಎರಡು ಸಲ. ಗಾಜೇ ಭಾರ, ಒಡೆಯುವ ಭಯ ಬೇರೆ. ಆದ್ದರಿಂದ ಗೋಲಿ ಸೋಡಾ ಊರನ್ನು ದಾಟಿ ಬಹಳ ದೂರ ಹೋಗಲಾರದು. ಕಲಬುರಗಿಯ ಸೋಡಾ ಯಾದಗಿರಿಯಲ್ಲಿ ಸಿಗುವುದು ಅಪರೂಪವಾದರೆ ಅದಕ್ಕೆ ಇದೇ ಕಾರಣ. ಪ್ಲಾಸ್ಟಿಕ್ ಬಾಟ್ಲಿ, ಅಂದರೆ ಪೆಟ್ ಬಾಟ್ಲಿ, ಬಂದ ಮೇಲೆ ಈ ದೂರದ ಕಟ್ಟು ಸಡಿಲವಾಯಿತು. ಅದು ಹಗುರ, ಒಡೆಯುವುದಿಲ್ಲ, ಮರಳಿ ತರಬೇಕಾಗಿಲ್ಲ. ಹೈದರಾಬಾದಿನಿಂದ ಸುಮಾರು 220 ಕಿಲೋಮೀಟರ್ ಸಾಗಿಸಿ ಕಲಬುರಗಿಯಲ್ಲಿ ಮಾರಿದರೂ ಲೆಕ್ಕ ಕೂಡಿಬರುತ್ತದೆ. ಬಳಸಿ ಎಸೆದ ಬಾಟ್ಲಿಯನ್ನು ಹೆಕ್ಕುವ ಖರ್ಚು ಊರಿನ ನಗರಸಭೆ, ಪಾಲಿಕೆಗಳ ಮೇಲೆ ಮತ್ತು ಚಿಂದಿ ಆಯುವವರ ಮೈಮೇಲೆ ಬೀಳುತ್ತದೆ. ಗೋಲಿ ಸೋಡಾದವರು ಆ ಖರ್ಚನ್ನು ತಮ್ಮ ತಲೆಯ ಮೇಲೆಯೇ ಹೊತ್ತಿದ್ದಾರೆ ಎಂಬುದನ್ನು ಬೆಲೆಯ ಹೋಲಿಕೆ ಮಾಡುವಾಗ ನೆನಪಿಡಬೇಕು.

ಚಿಕ್ಕ ತಯಾರಕರೂ ಪೆಟ್‌ಗೆ ಹೊರಳಿದ್ದಾರೆ. ಬೆರಳುದ್ದದ ದಪ್ಪ ಕೊಳವೆಯಂಥ ಪ್ರಿಫಾರ್ಮ್‌ಗಳನ್ನು ಕೊಂಡು, ಬಿಸಿ ಮಾಡಿ, ಗಾಳಿ ಊದಿ ಬಾಟ್ಲಿ ಮಾಡಿಕೊಳ್ಳುತ್ತಾರೆ. ಆದರೆ ಪೆಟ್‌ನ ಗೋಡೆಯ ಮೂಲಕ ಅನಿಲ ನಿಧಾನವಾಗಿ ಹೊರಗೆ ನುಸುಳುತ್ತದೆ, ಬಾಟ್ಲಿ ಚಿಕ್ಕದಾದಷ್ಟೂ ಒಳಗಿನ ಪೇಯಕ್ಕೆ ಹೋಲಿಸಿದರೆ ಗೋಡೆಯ ಹರವು ಹೆಚ್ಚು, ನಷ್ಟವೂ ಬೇಗ. ದಿನದಿನವೂ ಲಾರಿ ಓಡಿಸಿ ಹೊಸ ಮಾಲು ತುಂಬುವ ಕಂಪನಿಗೆ ಇದು ತೊಂದರೆಯಲ್ಲ. ಬೇಡಿಕೆ ಕಡಿಮೆಯಾದ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮಾಲು ಇಟ್ಟುಕೊಳ್ಳಬೇಕಾದವರಿಗೆ ತೊಂದರೆ.

‘ಸ್ವತಂತ್ರ’ ಎಂದು ಯಾರನ್ನು ಕರೆಯಬೇಕು

ಇದೇ ಪೈಪೋಟಿ ಅಮೆರಿಕದಲ್ಲಿ ಚಿಕ್ಕ ಬಿಯರ್ ತಯಾರಕರಿಗೂ ದೊಡ್ಡ ಕಂಪನಿಗಳಿಗೂ ನಡೆದಾಗ ಒಂದು ಹೊಸ ತೊಡಕು ಎದುರಾಯಿತು. ದೊಡ್ಡವರು ಚಿಕ್ಕವರನ್ನು ಕೊಂಡು, ಹಳೆಯ ಹೆಸರು ಮತ್ತು ಚಿತ್ರಗಳನ್ನು ಹಾಗೆಯೇ ಉಳಿಸಿದರು. ಶಿಕಾಗೋದ ಗೂಸ್ ಐಲ್ಯಾಂಡ್ ಎಂಬ ಬಿಯರ್ ಕಾರ್ಖಾನೆಯನ್ನು ಆನ್‌ಹೈಸರ್-ಬುಷ್ 2011ರಲ್ಲಿ 3.88 ಕೋಟಿ ಡಾಲರಿಗೆ ಕೊಂಡದ್ದು ಇದರ ಪ್ರಸಿದ್ಧ ಉದಾಹರಣೆ. ಕುಡಿಯುವವರಿಗೆ ಗುರುತು ಸಿಗಲಿ ಎಂದು ಅಲ್ಲಿನ ಚಿಕ್ಕ ತಯಾರಕರ ಸಂಘ 2017ರಲ್ಲಿ ತಲೆಕೆಳಗಾದ ಬಾಟ್ಲಿಯ ಚಿತ್ರವಿರುವ ಮುದ್ರೆಯನ್ನು ತಂದಿತು. ಕಾರ್ಖಾನೆಯಲ್ಲಿ ಇಂಥ ಚಿಕ್ಕ ತಯಾರಕರಲ್ಲದ ಮದ್ಯ ಕಂಪನಿಯ ಪಾಲು ಶೇ. 25ಕ್ಕಿಂತ ಕಡಿಮೆ ಇರಬೇಕು ಎಂಬುದು ಆ ಸಂಘದ ಅಳತೆಗೋಲು. ನಮ್ಮ ಸೋಡಾಗಳಿಗೆ ಇಂಥ ಯಾವ ಮುದ್ರೆಯೂ ಇಲ್ಲ. ಬಾಟ್ಲಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ತಯಾರಕರ ವಿಳಾಸ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆಯನ್ನು ಓದುವುದೇ ದಾರಿ. ಆ ಸಂಖ್ಯೆ ಇಲ್ಲದ ಮುಚ್ಚಿದ ಬಾಟ್ಲಿಯನ್ನು, ಅದು ಎಷ್ಟೇ ಊರಿನದಾಗಿದ್ದರೂ, ಕೊಳ್ಳದಿರುವುದು ಕ್ಷೇಮ. ನೀರು ಶುದ್ಧವಿಲ್ಲದಿದ್ದರೆ ಅನಿಲ ಅದನ್ನು ಶುದ್ಧ ಮಾಡಿಬಿಡುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ.

ಚಿಕ್ಕವರು ಎಲ್ಲಿ ನಿಲ್ಲುತ್ತಾರೆ

ದೊಡ್ಡವರ ಬಲ ಇರುವುದು ಒಂದೇ ರುಚಿಯನ್ನು ಎಲ್ಲ ಕಡೆಗೂ ತಲುಪಿಸುವುದರಲ್ಲಿ. ಆದ್ದರಿಂದ ಒಂದು ಸೀಮೆಗೆ ಮಾತ್ರ ಬೇಕಾದ ರುಚಿ ಅವರ ಲೆಕ್ಕದಲ್ಲಿ ಬೇಗ ಬರುವುದಿಲ್ಲ. ದಕ್ಷಿಣ ಕನ್ನಡದ ಪುತ್ತೂರಿನಿಂದ ಬಂದ ಬಿಂದು ಜೀರಾ ಮಸಾಲ ಕರ್ನಾಟಕದ ತುಂಬ ಹೆಸರು ಮಾಡಿದ್ದು, ಕೋಲಾವನ್ನು ಅನುಕರಿಸದೆ ಜೀರಿಗೆಯನ್ನು ಹಿಡಿದದ್ದರಿಂದ. ತಮಿಳುನಾಡಿನಲ್ಲಿ 1916ರಲ್ಲಿ ಆರಂಭವಾದ ಕಾಳಿ ಮಾರ್ಕ್ ಸಂಸ್ಥೆಯ ಬೊವೊಂಟೊ ದ್ರಾಕ್ಷಿಯ ರುಚಿಯಿಂದ ಇಂದಿಗೂ ನಿಂತಿದೆ. ಗೋಲಿ ಸೋಡಾದ ನೆನಪನ್ನೇ ಬಂಡವಾಳ ಮಾಡಿಕೊಂಡ ಪೇಯವೊಂದು ‘ಗೋಲಿ ಪಾಪ್ ಸೋಡಾ’ ಎಂಬ ಹೆಸರಿನಲ್ಲಿ ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಿಗೆ ರಫ್ತಾಗುತ್ತಿರುವುದಾಗಿ ಕೇಂದ್ರ ವಾಣಿಜ್ಯ ಸಚಿವಾಲಯ 2025ರ ಮಾರ್ಚ್‌ನಲ್ಲಿ ಪ್ರಕಟಿಸಿತು.

ನಮ್ಮ ಮೂರು ಜಿಲ್ಲೆಗಳಲ್ಲಿ ಚಿಕ್ಕವರ ನಿಜವಾದ ಬಲವಿರುವುದು ನಿಂತಲ್ಲೇ ಕುಡಿಯುವ ಕಡೆ. ಅಲ್ಲಿ ಫ್ರಿಜ್ ಯಾರದು ಎಂಬ ಪ್ರಶ್ನೆಯೇ ಏಳುವುದಿಲ್ಲ, ಬರ್ಫಿನ ಗಡ್ಡೆ ಇದ್ದರೆ ಸಾಕು. ಬಾಟ್ಲಿ ಕಳೆದುಹೋಗುವುದಿಲ್ಲ, ಕುಡಿದವರು ಅಲ್ಲೇ ಕೊಟ್ಟು ಹೋಗುತ್ತಾರೆ. ಸಾದಾ ಸೋಡಾಕ್ಕೆ ಇರುವ ಕಡಿಮೆ ತೆರಿಗೆ ಅವರ ಪರವಾಗಿದೆ, ಬಿಸಿಲು ಕೂಡ.

ಹೋಳಿ ಹುಣ್ಣಿಮೆಯ ಐದನೆಯ ದಿನ ಶರಣಬಸವೇಶ್ವರರ ತೇರು ಎಳೆಯುವಾಗ ಗುಡಿಯ ಸುತ್ತಲಿನ ದಾರಿಗಳಲ್ಲಿ ಇಂಥ ಗಾಡಿಗಳು ಸಾಲಾಗಿ ನಿಂತಿರುತ್ತವೆ. ಒಂದು ಗಾಡಿಯ ಮೇಲೆ ಬರ್ಫಿನ ಗಡ್ಡೆಯನ್ನು ಗೋಣಿತಟ್ಟಿನಲ್ಲಿ ಸುತ್ತಿ, ಅದರ ಸುತ್ತ ಬಾಟ್ಲಿಗಳನ್ನು ಅಡ್ಡ ಮಲಗಿಸಿದ್ದರು. ಗಾಡಿಯ ಹಿಂದೆ ನಿಂತಿದ್ದ ಅಜ್ಜಿ ನಿಂಬೆಹಣ್ಣನ್ನು ಅರ್ಧಕ್ಕೆ ಕೊಯ್ದು ಗ್ಲಾಸಿಗೆ ಹಿಂಡಿ, ಚಿಟಿಕೆ ಉಪ್ಪು ಹಾಕಿ, ಬಾಟ್ಲಿಯ ಗೋಲಿಯನ್ನು ಮರದ ಗುಂಡಿಯಿಂದ ಒತ್ತಿದರು. ನೊರೆ ಅಂಚಿನವರೆಗೆ ಏರಿ ನಿಂತಿತು. “ಲಗೂ ಕುಡಿಯಪ್ಪಾ, ಗ್ಯಾಸ್ ಹೋಗ್ತದ” ಎಂದು ಹೇಳುತ್ತಲೇ ಖಾಲಿ ಬಾಟ್ಲಿಯನ್ನು ಕಾಲಬುಡದ ಕ್ರೇಟಿಗೆ ಇಳಿಸಿದರು. ಸಂಜೆ ಕಾರ್ಖಾನೆಯ ಹುಡುಗ ಸೈಕಲ್ ರಿಕ್ಷಾ ತಂದಾಗ ಅವರು ಮೊದಲು ಎಣಿಸಿ ಒಪ್ಪಿಸಿದ್ದು ಆ ಖಾಲಿ ಬಾಟ್ಲಿಗಳನ್ನು, ರೊಕ್ಕದ ಲೆಕ್ಕ ಅದಾದ ಮೇಲೆ ಬಂತು.